ಕಾರ್ಡ್ ಕೇಳದ ನರ್ಸಬಾಯಿ

ನಾವು ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಕಡೆಯವರು. ಪತ್ರಿಕೋದ್ಯಮ ಓದಿ ಊರಿಗೆ ಬಂದ ಮೇಲೆ ಜನ ನಮ್ಮನ್ನು ಸುದ್ದಿ ಕೇಳುವುದು ಕಡಿಮೆ. ರೇಷನ್ ಕಾರ್ಡು, ಪಿಂಚಣಿ, ಅರ್ಜಿ, ಇವನ್ನೇ ಹೆಚ್ಚು ಕೇಳುತ್ತಾರೆ. ಈಚೆಗೆ ಪದೇ ಪದೇ ಬರುತ್ತಿರುವ ಪ್ರಶ್ನೆ ಇದು: "ತಮ್ಮಾ, ಆಯುಷ್ಮಾನ್ ಕಾರ್ಡ್ ತಗೊಳ್ಳೋ ನರ್ಸಬಾಯಿ ನಮ್ಮೂರ ಸನೇಕ ಯಾರರ ಅದಾರೇನು?"

ಪ್ರಶ್ನೆ ಸರಿಯಾಗಿಯೇ ಇದೆ. ಒಂದು ಸಲ ಬಿ.ಪಿ. ಅಥವಾ ಶುಗರ್ ತೋರಿಸಲು ಪೇಟೆಗೆ ಹೋದರೆ ಟಂಟಂ ಬಾಡಿಗೆ, ಡಾಕ್ಟರ್ ಫೀ, ರಕ್ತ ಪರೀಕ್ಷೆ, ತಿಂಗಳ ಗುಳಿಗೆ, ಎಲ್ಲಕ್ಕೂ ದುಡ್ಡು. ಅದರ ಮೇಲೆ ಒಂದು ದಿನದ ದುಡಿಮೆ ಹೋಯಿತು. ಮಗ್ಗದಲ್ಲಿ ಇರುವವರಿಗೂ, ಕಬ್ಬು ಕಡಿಯುವವರಿಗೂ ಈ ಲೆಕ್ಕ ಒಂದೇ. ಕೈಯಲ್ಲಿ ಸರ್ಕಾರದ ಕಾರ್ಡ್ ಇದ್ದ ಮೇಲೆ ಅದು ಇಲ್ಲಿ ಯಾಕೆ ನಡೆಯಬಾರದು ಎಂದು ಯಾರಿಗಾದರೂ ಅನ್ನಿಸುತ್ತದೆ.

ಮೊದಲು ಕಾರ್ಡಿನ ಮಾತು. ನಮ್ಮ ಕೈಯಲ್ಲಿರುವುದು 'ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕ' ಕಾರ್ಡ್. ರಾಜ್ಯದ ಯೋಜನೆ ಮತ್ತು ಕೇಂದ್ರದ ಯೋಜನೆ ಎರಡೂ 2018ರಲ್ಲಿ ಕೂಡಿ ಇದಾಯಿತು. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ. ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ ಶೇ 30, ವರ್ಷಕ್ಕೆ ಒಂದೂವರೆ ಲಕ್ಷದವರೆಗೆ. ಆದರೆ ಇದು ದೊಡ್ಡ ಕಾಯಿಲೆಯ ಕಾರ್ಡು. ಆಪರೇಷನ್, ಹೃದಯ, ಕ್ಯಾನ್ಸರ್, ಅಡ್ಮಿಟ್ ಆಗಿ ಪಡೆಯುವ ಚಿಕಿತ್ಸೆ, ಇಂಥವಕ್ಕೆ. ಖಾಸಗಿ ದವಾಖಾನೆಯಲ್ಲಿ ಬರೀ ತೋರಿಸಿಕೊಂಡು ಚೀಟಿ ಬರೆಸಿಕೊಳ್ಳುವುದಕ್ಕೆ ಇದು ನಡೆಯುವುದಿಲ್ಲ.

ಹಾಗಾದರೆ ನರ್ಸಬಾಯಿ ಎಲ್ಲಿ? ಬಹುತೇಕ ಹಳ್ಳಿಗಳಲ್ಲಿ ಹತ್ತಿರದ ಸಬ್ ಸೆಂಟರ್‌ನಲ್ಲೇ ಇದ್ದಾರೆ. ಅವರು ಕಾರ್ಡ್ ಕೇಳುವುದೇ ಇಲ್ಲ, ಯಾಕೆಂದರೆ ಅಲ್ಲಿ ಬಿಲ್ಲೇ ಇಲ್ಲ.

2018ರಿಂದ ನಮ್ಮ ಉಪಕೇಂದ್ರಗಳನ್ನು ಒಂದೊಂದಾಗಿ ಆರೋಗ್ಯ ಮತ್ತು ಕ್ಷೇಮ ಕೇಂದ್ರ ಮಾಡಿದರು. 2023ರ ಕೊನೆಯಲ್ಲಿ ಬೋರ್ಡ್ ಬದಲಾಗಿ 'ಆಯುಷ್ಮಾನ್ ಆರೋಗ್ಯ ಮಂದಿರ' ಆಯಿತು. ಹೆಸರಿನಲ್ಲಿ ಮಂದಿರ ಇದ್ದರೂ ಅದು ದವಾಖಾನೆಯೇ. ಅಲ್ಲಿ ಮೊದಲಿನಿಂದ ಇರುವ ಸಿಸ್ಟರ್ ಜೊತೆ ಹೊಸದಾಗಿ ಒಬ್ಬರನ್ನು ಕೊಟ್ಟಿದ್ದಾರೆ. ಅವರೇ ಸಮುದಾಯ ಆರೋಗ್ಯ ಅಧಿಕಾರಿ, ಅಂದರೆ ಸಿಎಚ್‌ಒ. ಹೆಚ್ಚಿನವರು ಬಿ.ಎಸ್ಸಿ ನರ್ಸಿಂಗ್ ಓದಿ, ಸಮುದಾಯ ಆರೋಗ್ಯದ ಆರು ತಿಂಗಳ ತರಬೇತಿ ಪಡೆದವರು. ಬಯಲುಸೀಮೆಯಲ್ಲಿ 5,000 ಜನಸಂಖ್ಯೆಗೆ ಒಂದು ಉಪಕೇಂದ್ರ ಎಂಬುದು ಸರ್ಕಾರದ ಲೆಕ್ಕ.

ಇವರು ಮಾಡುವ ಕೆಲಸ ಸಣ್ಣದಲ್ಲ. 30 ವರ್ಷ ದಾಟಿದವರ ಬಿ.ಪಿ., ಶುಗರ್ ನೋಡುತ್ತಾರೆ. ಬಾಯಿ, ಸ್ತನ, ಗರ್ಭಕೊರಳಿನ ಕ್ಯಾನ್ಸರ್ ಲಕ್ಷಣ ಇದೆಯೇ ಎಂದು ತಪಾಸಣೆ ಮಾಡುತ್ತಾರೆ. ಗುಟಕಾ, ತಂಬಾಕು ಹಾಕುವ ನಮ್ಮ ಮಂದಿಗೆ ಬಾಯಿ ತಪಾಸಣೆ ಎಷ್ಟು ಮುಖ್ಯ ಎಂದು ಬಿಡಿಸಿ ಹೇಳಬೇಕಿಲ್ಲ. ಬಸುರಿ, ಬಾಣಂತಿ, ಕೂಸುಗಳ ಆರೈಕೆ, ಜ್ವರ, ಕೆಮ್ಮು, ಸಣ್ಣ ಗಾಯ ಎಲ್ಲ ಅಲ್ಲೇ. ಡಾಕ್ಟರ್ ಬೇಕೆನಿಸಿದರೆ ಇ-ಸಂಜೀವಿನಿ ಮೂಲಕ ಅಲ್ಲಿಂದಲೇ ವಿಡಿಯೊದಲ್ಲಿ ಮಾತಾಡಿಸುತ್ತಾರೆ.

ಒಂದು ಮಿತಿ ಗೊತ್ತಿರಲಿ. ಬಿ.ಪಿ., ಶುಗರ್ ಇದೆ ಎಂದು ಖಾತ್ರಿ ಮಾಡಿ ಗುಳಿಗೆ ಶುರು ಮಾಡುವುದು ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರ್. ಆಮೇಲೆ ಪ್ರತಿ ತಿಂಗಳು ಅದೇ ಗುಳಿಗೆಯನ್ನು ಸಿಎಚ್‌ಒ ಕೊಡುತ್ತಾರೆ, ಬಿ.ಪಿ. ಎಷ್ಟಾಗಿದೆ ಎಂದು ಬರೆದಿಡುತ್ತಾರೆ. ನರ್ಸ್ ಔಷಧ ಕೊಡುವುದು ಸರಿಯೇ ಎಂಬ ಜಗಳ ಈ ದೇಶದಲ್ಲಿ ಜೋರಾಗಿಯೇ ನಡೆದಿದೆ. 2019ರ ರಾಷ್ಟ್ರೀಯ ವೈದ್ಯಕೀಯ ಆಯೋಗ ಕಾಯ್ದೆಯ 32ನೇ ಕಲಂ ಡಾಕ್ಟರ್ ಅಲ್ಲದ ಸಮುದಾಯ ಆರೋಗ್ಯ ಸೇವಕರಿಗೂ ಸೀಮಿತ ಪರವಾನಗಿಗೆ ದಾರಿ ಮಾಡಿತು. ಆಗ ಡಾಕ್ಟರುಗಳು ಬೀದಿಗಿಳಿದರು. ಡಾಕ್ಟರ್ ದೂರ ಇರುವ ನಮ್ಮಂಥ ಊರಿನಲ್ಲಿ ಬೇಕಾಗಿರುವುದು ಇಬ್ಬರೂ. ಗುಳಿಗೆ ಬರೆಯಲು ಒಬ್ಬರು, ಅದು ತಪ್ಪದಂತೆ ನೋಡಿಕೊಳ್ಳಲು ಇನ್ನೊಬ್ಬರು.

ತಪ್ಪಿದರೆ ಏನಾಗುತ್ತದೆ ಎಂಬುದನ್ನು ನಮ್ಮವರೊಬ್ಬರ ಓಣಿಯಲ್ಲೇ ಕಂಡಿದ್ದೇವೆ. ಬನಹಟ್ಟಿ ಕಡೆಯ ಹಳ್ಳಿ. ಪವರ್‌ಲೂಮ್ ನಡೆಸುತ್ತಿದ್ದ ಕಾಕಾ ಒಬ್ಬರಿಗೆ ಬಿ.ಪಿ. ಇದೆ ಎಂದು ಗೊತ್ತಾಯಿತು. ಪೇಟೆಯಿಂದ ಎರಡು ತಿಂಗಳು ಗುಳಿಗೆ ತಂದರು. ಸೀರೆಗೆ ಬೇಡಿಕೆ ಬಿದ್ದು ಕೆಲಸ ಕಡಿಮೆಯಾದಾಗ ಗುಳಿಗೆ ಬಿಟ್ಟರು. "ತಲಿ ನೋಯೂದಿಲ್ಲ, ಚಕ್ಕರ್ ಬರೂದಿಲ್ಲ, ಮತ್ಯಾಕ ಗುಳಗಿ?" ಎನ್ನುತ್ತಿದ್ದರು. ಒಂದು ಬೆಳಿಗ್ಗೆ ಲಕ್ವಾ ಹೊಡೆಯಿತು. ಆಸ್ಪತ್ರೆ ಖರ್ಚು ಕಾರ್ಡಿನಲ್ಲಿ ಹೋಯಿತು, ಜೀವ ಉಳಿಯಿತು. ಮಗ್ಗ ನಡೆಸುತ್ತಿದ್ದ ಬಲಗೈ ಮಾತ್ರ ಮೊದಲಿನಂತೆ ಆಗಲಿಲ್ಲ. ಈಗ ಕಾಕು ಒಬ್ಬರೇ ದುಡಿಯುತ್ತಾರೆ. ಅವರು ಬಿಟ್ಟ ಆ ಗುಳಿಗೆ ಮನೆಯಿಂದ ಹತ್ತು ನಿಮಿಷ ನಡೆದರೆ ಸಿಗುವ ಉಪಕೇಂದ್ರದಲ್ಲಿ ಪುಕ್ಕಟೆ ಸಿಗುತ್ತಿತ್ತು.

ನಮಗೆ ಹೇಳಬೇಕಾಗಿರುವುದು ಇಷ್ಟೇ. ಕಾರ್ಡು ಬಿದ್ದ ಮೇಲೆ ಎತ್ತುತ್ತದೆ. ಬೀಳದಂತೆ ಹಿಡಿಯುವವರು ಸಬ್ ಸೆಂಟರ್‌ನಲ್ಲಿದ್ದಾರೆ.

ಕಾರ್ಡಿಗೂ ದಾರಿ ಇಲ್ಲಿಂದಲೇ ಶುರು. ತುರ್ತು ಇಲ್ಲದ ದೊಡ್ಡ ಚಿಕಿತ್ಸೆಗೆ ನೇರವಾಗಿ ಖಾಸಗಿ ಆಸ್ಪತ್ರೆಗೆ ಹೋಗಿ ಕಾರ್ಡ್ ತೋರಿಸಿದರೆ ಆಗುವುದಿಲ್ಲ, ಸರ್ಕಾರಿ ಆಸ್ಪತ್ರೆಯ ರೆಫರಲ್ ಬೇಕು. ಸಿಎಚ್‌ಒ ನಿಮ್ಮನ್ನು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕಳಿಸುತ್ತಾರೆ. ಅಲ್ಲಿಂದ ಜಮಖಂಡಿ, ಮುಧೋಳ ಅಥವಾ ಬೀಳಗಿಯ ತಾಲ್ಲೂಕು ಆಸ್ಪತ್ರೆ, ಬೇಕಾದರೆ ಬಾಗಲಕೋಟೆಯ ಜಿಲ್ಲಾ ಆಸ್ಪತ್ರೆ. ಅಲ್ಲಿ ಆಗದ ಚಿಕಿತ್ಸೆಗೆ ರೆಫರಲ್ ಬರೆದುಕೊಡುತ್ತಾರೆ. ಆಧಾರ್ ಮತ್ತು ರೇಷನ್ ಕಾರ್ಡ್ ಜೊತೆಗಿರಲಿ. ಮಿರಜ, ಸಾಂಗಲಿಗೆ ಹೋಗುವ ರೂಢಿ ನಮ್ಮ ಕಡೆ ಹಳೆಯದು. ಹೊರಡುವ ಮೊದಲೇ ಆ ಆಸ್ಪತ್ರೆಗೆ ಫೋನ್ ಮಾಡಿ, ಕರ್ನಾಟಕದ ಕಾರ್ಡ್ ನಡೆಯುತ್ತದೆಯೇ, ಈ ಕಾಯಿಲೆಗೆ ನಡೆಯುತ್ತದೆಯೇ ಎಂದು ಎರಡೂ ಕೇಳಿ.

ತುರ್ತು ಇದ್ದರೆ ರೆಫರಲ್ ಬೇಡ. ಬಾಯಿ ಸೊಟ್ಟಗಾದರೆ, ಕೈ ಎತ್ತಲಾಗದಿದ್ದರೆ, ಮಾತು ತೊದಲಿದರೆ ತಕ್ಷಣ 108ಕ್ಕೆ ಫೋನ್ ಮಾಡಿ. ರಕ್ತ ಹೆಪ್ಪುಗಟ್ಟಿ ಬಂದ ಲಕ್ವಾಕ್ಕೆ ಹೆಪ್ಪು ಕರಗಿಸುವ ಇಂಜೆಕ್ಷನ್ ಇದೆ. ಅದನ್ನು ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು.

ಇಷ್ಟೆಲ್ಲ ಹೇಳಿದರೂ ಕೆಲವು ಕಡೆ ಸಬ್ ಸೆಂಟರ್‌ಗೆ ಬೀಗ ಇರುವುದು, ಗುಳಿಗೆ ಮುಗಿದಿರುವುದು ನಮಗೂ ಗೊತ್ತು. ಬೀಳಗಿ ಕಡೆ ಹಿನ್ನೀರಿಗೆ ಊರು ಬಿಟ್ಟು ಪುನರ್ವಸತಿ ಕೇಂದ್ರದಲ್ಲಿ ನೆಲೆಸಿದ ಮಂದಿ "ನಮ್ಮ ದವಾಖಾನಿ ಯಾವುದು?" ಎಂದು ಕೇಳುವುದೂ ಉಂಟು. ಸಿಎಚ್‌ಒಗಳು ಗುತ್ತಿಗೆ ಮೇಲೆ ದುಡಿಯುವವರು. ಒಬ್ಬರು ಬಿಟ್ಟು ಹೋದರೆ ಜಾಗ ಖಾಲಿ ಉಳಿಯಬಹುದು. ಇದಕ್ಕೆ ಅವರ ಮೇಲೆ ಸಿಟ್ಟಾಗಿ ಫಲವಿಲ್ಲ. ಪ್ರತಿ ಆರೋಗ್ಯ ಮಂದಿರಕ್ಕೂ ಒಂದು ಜನ ಆರೋಗ್ಯ ಸಮಿತಿ ಇರಬೇಕು. ಉಪಕೇಂದ್ರದ ಸಮಿತಿಗೆ ಗ್ರಾಮ ಪಂಚಾಯ್ತಿ ಅಧ್ಯಕ್ಷರೇ ಅಧ್ಯಕ್ಷರು, ಸಿಎಚ್‌ಒ ಅದರ ಕಾರ್ಯದರ್ಶಿ. ನಿಮ್ಮೂರಿನ ಸಮಿತಿ ಕೊನೆಯ ಸಲ ಯಾವಾಗ ಸೇರಿತ್ತು ಎಂದು ಪಂಚಾಯ್ತಿಯಲ್ಲಿ ಕೇಳಿ. ಗ್ರಾಮಸಭೆಯಲ್ಲಿ ರಸ್ತೆ, ಗಟಾರದ ಜೊತೆ ಗುಳಿಗೆಯ ಮಾತೂ ಬರಲಿ. ಅಲ್ಲಿ ಆಗದಿದ್ದರೆ ತಾಲ್ಲೂಕು ಆರೋಗ್ಯಾಧಿಕಾರಿಗೆ ಬರವಣಿಗೆಯಲ್ಲಿ ಕೊಟ್ಟು ಸ್ವೀಕೃತಿ ಪಡೆಯಿರಿ. ಅರ್ಜಿ ಬರೆಯಲು ಬೇಕಾದರೆ ನಾವಿದ್ದೇವೆ.

ನಿಮ್ಮ ಓಣಿಯ ಆಶಾ ಅಕ್ಕನನ್ನು ಒಂದು ಮಾತು ಕೇಳಿ: ನಮ್ಮ ಸಿಎಚ್‌ಒ ಯಾರು, ಎಷ್ಟು ಹೊತ್ತಿಗೆ ಇರುತ್ತಾರೆ? ಮನೆಯಲ್ಲಿ 30 ದಾಟಿದವರನ್ನೆಲ್ಲ ಒಂದು ಬೆಳಿಗ್ಗೆ ಕರೆದುಕೊಂಡು ಹೋಗಿ. ಅವ್ವನಿಗೆ ಬಿಡುವಿಲ್ಲ, ಅಪ್ಪನಿಗೆ ಮನಸ್ಸಿಲ್ಲ ಎನ್ನಬೇಡಿ. ಬಿ.ಪಿ. ನೋಡಿಸಿಕೊಳ್ಳಲು ಒಂದು ಚಹಾ ಕುಡಿಯುವಷ್ಟು ಹೊತ್ತು ಸಾಕು.