ಹಲ್ಗಿ ಎರಡ್, ಗಾಳಿ ಒಂದೇ

ಹೋದ ತಿಂಗಳು ಮನೆಯವರ ಗುಂಪಿಗೆ ನಾನು ಹಾಕಿದ ಎರಡು ಫೋಟೋ ಕಂಡು ದೊಡ್ಡಮ್ಮ ಕೇಂಡದ್ದು, "ಎಂತ ಮಾರಾಯ್ತಿ ಇದ್, ಒಂದ್ರಂಗೆ ಹಲ್ಗಿ ನೀರ್ ಮೇಲಿತ್ತ್, ಇನ್ನೊಂದ್ರಂಗೆ ಹಾರ್ತಾ ಇತ್ತಲೆ!" ಚಿಕ್ಕಮ್ಮನದ್ದು ಬೇರೆ ಪ್ರಶ್ನೆ: "ಯಾವ್ದಾರೂ ಒಂದ್ ಸಮ ಕಲಿ ಹೆಣೆ, ಎರಡೆರಡ್ ಎಂತಕೆ?" ಫೋನಿನಲ್ಲಿ ಹೇಳಿ ಮುಗಿಯುವ ಸಂಗತಿ ಅಲ್ಲ, ಹಾಂಗಾಗಿ ಇಲ್ಲಿ ಬರೀತೆ.

ನೀರಿನ ಮೇಲಿದ್ದದ್ದು ವಿಂಡ್‌ಸರ್ಫಿಂಗ್. ಉದ್ದದ ಹಲಗೆ, ಅದರ ಮೇಲೊಂದು ಕಂಬ, ಕಂಬಕ್ಕೆ ಹಾಯಿ. ಹಿಂದಿನವರ ಹಾಯಿದೋಣಿಯ ಕಂಬ ಅಲುಗದೆ ನಿಂತಿರುತ್ತಿತ್ತು. ಇದರ ಕಂಬದ ಬುಡದಲ್ಲಿ ಒಂದು ಗೆಣ್ಣು ಇದೆ, ಯಾವ ಬದಿಗೆ ಬೇಕಾದರೂ ಬಾಗುತ್ತದೆ. ಚುಕ್ಕಾಣಿ ಇಲ್ಲ. ಹಾಯಿಯನ್ನು ಮುಂದಕ್ಕೆ ಬಗ್ಗಿಸಿದರೆ ಹಲಗೆಯ ಮೂತಿ ಗಾಳಿ ಬಿಟ್ಟು ಆಚೆ ತಿರುಗುತ್ತದೆ, ಹಿಂದಕ್ಕೆ ಬಗ್ಗಿಸಿದರೆ ಗಾಳಿಯ ಕಡೆಗೆ. ಅಷ್ಟೇ ಗುಟ್ಟು. ಕೈಗೆ ಅಡ್ಡಕ್ಕೊಂದು ಹಿಡಿ, ಸೊಂಟದ ಪಟ್ಟಿಗೊಂದು ಕೊಕ್ಕೆ. ಗಾಳಿ ಜೋರಾದಾಗ ಕೊಕ್ಕೆ ಸಿಕ್ಕಿಸಿ ಮೈಭಾರ ಹಿಂದಕ್ಕೆ ಬಿಟ್ಟರೆ ಬಾವಿಯಿಂದ ಕೊಡ ಎಳೆದಷ್ಟೂ ಕಷ್ಟ ಇಲ್ಲ.

ಅಂದಹಾಗೆ, 1964ರ ಸುಮಾರಿಗೆ ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ನ್ಯೂಮನ್ ಡಾರ್ಬಿ ಅಂಬವರು ಹೀಂಗೆ ಹಲಗೆಗೆ ಹಾಯಿ ಕಟ್ಟಿ ಕಂಡದ್ದು. ಹಾಯಿ ಹೊಲಿದು ಕೊಟ್ಟವರು ಅವರ ನವೋಮಿ. ಆಮೇಲೆ ಕ್ಯಾಲಿಫೋರ್ನಿಯಾದ ಇಬ್ಬರು ಪೇಟೆಂಟ್ ಮಾಡಿಸಿ ಹೆಸರು ತೆಗೆದರು. ಹೊಲಿಗೆಯವಳ ಹೆಸರು ಯಾರ ಬಾಯಲ್ಲೂ ಇಲ್ಲ, ಅದು ನಮ್ಮೂರಲ್ಲೂ ಹಾಂಗೇ ಅಲ್ದಾ?

ಗಾಳಿ ಹೇಂಗೆ ಗೊತ್ತಾಗುವುದು ಅಂತ ಕೇಂಬವರಿಗೆ ನಾನು ದೊಡ್ಡಮ್ಮನನ್ನೇ ತೋರಿಸ್ತೆ. ಕೊಯ್ಲು ಮುಗಿದ ಮೇಲೆ ಅಂಗಳದಲ್ಲಿ ಭತ್ತ ತೂರುವಾಗ ಅವರು ಗೆರಸಿ ಎತ್ತಿಕೊಂಡು ಸುಮ್ಮನೆ ನಿಲ್ಲುತ್ತಿದ್ದರು. ತೆಂಗಿನ ಸೋಗೆ ಅಲುಗುವ ಮೊದಲೇ "ಈಗ ಬತ್ತ್ ಕಾಣ್" ಅನ್ನುತ್ತಿದ್ದರು. ಬತ್ತಿತ್ತ್! ಜಳ್ಳು ಆಚೆ, ಕಾಳು ಕಾಲ ಬುಡಕ್ಕೆ. ನಾನೀಗ ನೀರಿನ ಮೇಲೆ ಮಾಡುವುದೂ ಅದನ್ನೇ. ದೂರದಲ್ಲಿ ನೀರು ಕಪ್ಪಾಗಿ ಸುಕ್ಕು ಸುಕ್ಕಾಗಿ ಕಂಡರೆ ಗಾಳಿ ಬಪ್ಪುದು ಅಲ್ಲಿಂದ.

ನಾನು ಮೊದಲು ಹಾಯಿ ಹಿಡಿದದ್ದು ಕಡಲಲ್ಲಿ ಅಲ್ಲ, ಘಟ್ಟದ ಮೇಲೆ. ಕಾಲೇಜಿನ ಹೊತ್ತಿಗೆ ಕೊಲ್ಲೂರು ಮೇಲಾಗಿ ಘಾಟಿ ಹತ್ತಿ, ಸಾಗರದ ಹತ್ತಿರದ ಹೊನ್ನೆಮರಡುವಿಗೆ ಶಿಬಿರಕ್ಕೆ ಹೋಗಿದ್ದೆ. ಶರಾವತಿಗೆ ಲಿಂಗನಮಕ್ಕಿ ಅಣೆಕಟ್ಟು ಕಟ್ಟಿದ ಮೇಲೆ ನಿಂತ ಹಿನ್ನೀರು ಅದು. ಎಸ್.ಎಲ್.ಎನ್. ಸ್ವಾಮಿ ಮತ್ತು ನೊಮಿಟೊ ಕಾಮ್ದಾರ್ ಅಂಬ ದಂಪತಿ ಅಲ್ಲಿ ಎಷ್ಟೋ ವರ್ಷದಿಂದ ತೆಪ್ಪ, ಕಯಾಕ್, ವಿಂಡ್‌ಸರ್ಫಿಂಗ್ ಎಲ್ಲ ಕಲಿಸಿದ್ದಾರೆ. ಅಲೆ ಇಲ್ಲದ ನೀರು, ಕಲಿಯೂಕೆ ಹೇಳಿ ಮಾಡಿಸಿದ ಜಾಗ. ಮೊದಲ ದಿನ ನಿಂತದ್ದು ಕಮ್ಮಿ, ಬಿದ್ದದ್ದೇ ಹೆಚ್ಚು. ಸಂಜೆಗೆ ಒಂದೇ ಒಂದು ಸಲ ಹಾಯಿ ಗಾಳಿ ತುಂಬಿಕೊಂಡು ಹಲಗೆ ಕಾಲಡಿಯಲ್ಲಿ ಜಾರಿತು, ನೋಡಿ. ಎಂಜಿನ್ ಇಲ್ಲ, ಹುಟ್ಟು ಇಲ್ಲ. ಆ ಹತ್ತು ಮಾರು ನಂಗೆ ಇವತ್ತಿಗೂ ಮರೆತಿಲ್ಲ.

ಈಗ ನಾವಿರುವುದು ಸಾನ್ ಫ್ರಾನ್ಸಿಸ್ಕೋ ಕೊಲ್ಲಿಯ ಕರೆಯಲ್ಲಿ. ಇಲ್ಲಿನ ಗಾಳಿಗೆ ನಮ್ಮ ಪಡುಗಾಳಿಯದ್ದೇ ಕಾರಣ. ಕೋಟದಲ್ಲಿ ಚಳಿಗಾಲದ ಬೆಳಿಗ್ಗೆ ನೆಲ ತಂಪು, ಗಾಳಿ ಮೂಡಿಂದ ಕಡಲಿಗೆ ಹೋಗುತ್ತದೆ. ಮಧ್ಯಾಹ್ನ ನೆಲ ಕಾದ ಮೇಲೆ ಕಡಲಿಂದ ಒಳಗೆ ಬತ್ತ್. ಹಾಯಿದೋಣಿಯವರು ಬೆಳಗಿನ ಗಾಳಿಗೆ ಹೋಗಿ ಮಧ್ಯಾಹ್ನದ ಗಾಳಿಗೆ ಮನೆಗೆ ಬಪ್ಪುದು ಈ ಲೆಕ್ಕದ ಮೇಲೆಯೇ. ಇಲ್ಲಿ ಬೇಸಿಗೆಯಲ್ಲಿ ಒಳನಾಡಿನ ಕಣಿವೆ ಬಾಣಲೆಯಂತೆ ಕಾಯುತ್ತದೆ, ಕಡಲು ಮಾತ್ರ ತಣ್ಣಗೆ. ಆ ತಂಪು ಗಾಳಿಗೆ ಒಳಗೆ ನುಗ್ಗೂಕೆ ದೊಡ್ಡ ಬಾಗಿಲು ಅಂದ್ರೆ ಗೋಲ್ಡನ್ ಗೇಟ್. ಮಧ್ಯಾಹ್ನ ಎರಡು ಗಂಟೆಯ ನಂತರ ಕಯೋಟಿ ಪಾಯಿಂಟ್ ಅಂಬಲ್ಲಿ ನಿಂತರೆ ಸೀರೆ ಸೆರಗು ನಿಲ್ಲೂದಿಲ್ಲ. ಪಕ್ಕದಲ್ಲೇ ವಿಮಾನ ನಿಲ್ದಾಣ, ಇಳಿಯುವ ವಿಮಾನ ಕಾಂತಾ ಹಾಯಿ ಎತ್ತುವುದು.

ದೊಡ್ಡಮ್ಮನ ಹಾರುವ ಹಲಗೆ ಅಂದ್ರೆ ವಿಂಡ್‌ಫಾಯಿಲ್. ಮೇಲೆ ಹಾಯಿ ಕಂಬ ಎಲ್ಲ ಅದೇ ರೀತಿಯದು, ವ್ಯತ್ಯಾಸ ಹಲಗೆಯ ಅಡಿಗೆ. ವಿಂಡ್‌ಸರ್ಫಿಂಗ್ ಹಲಗೆಯ ಅಡಿಗೆ ಮೀನಿನ ರೆಕ್ಕೆಯಂತೆ ಒಂದು ಫಿನ್. ಫಾಯಿಲಿನದ್ದರ ಅಡಿಗೆ ಸುಮಾರು ಒಂದು ಮೀಟರ್ ಉದ್ದದ ಕಾಲು, ಕಾಲಿನ ತುದಿಗೆ ಪುಟ್ಟ ವಿಮಾನದ ಹಾಗೆ ಮುಂದೊಂದು ರೆಕ್ಕೆ, ಹಿಂದೊಂದು ರೆಕ್ಕೆ. ವೇಗ ಬಂತು ಅಂದ್ರೆ ನೀರೊಳಗಿನ ರೆಕ್ಕೆ ಹಲಗೆಯನ್ನೂ ನಮ್ಮನ್ನೂ ಎತ್ತಿ ಹಿಡಿಯುತ್ತದೆ. ಹಲಗೆಗೆ ನೀರು ತಾಗುವುದೇ ಇಲ್ಲ, ಆಗ ಸದ್ದೆಲ್ಲ ನಿಂತು ಹೋಗುತ್ತದೆ. ಸಣ್ಣಕ್ಕೆ ಒಂದು ಗುಂಯ್ ಅಂಬುದು ಮಾತ್ರ. ಮೊದಲ ಸಲ ಹಾಂಗಾದಾಗ ನಾನು ಬೊಬ್ಬೆ ಹೊಡೆದೆ, ಸಂತೋಷಕ್ಕಾ ಹೆದರಿಕೆಗಾ ಹೇಳೂಕೆ ಬತ್ತಿಲ್ಲೆ.

ಈಗ ಚಿಕ್ಕಮ್ಮನಿಗೆ ಉತ್ತರ. ಎರಡು ಬೇಕಾದದ್ದು ಗಾಳಿ ದಿನಾ ಒಂದೇ ನಮೂನೆ ಇರೂದಿಲ್ಲ ಅಂತ. ಗಂಟೆಗೆ 15–20 ಕಿ.ಮೀ. ಗಾಳಿಯಲ್ಲಿ ಫಿನ್ ಹಲಗೆ ಎಮ್ಮೆಯಂತೆ ಹೋಗುತ್ತದೆ, ಫಾಯಿಲ್ ಎದ್ದು ಓಡುತ್ತದೆ. ಗಾಳಿ 25 ಕಿ.ಮೀ. ದಾಟಿದ ಮೇಲೆ ಫಿನ್ ಹಲಗೆಯ ಮಜವೇ ಬೇರೆ: ಅಲೆ ಮೇಲೆ ಟಪಟಪ ಬಡಿಯುತ್ತಾ, ಮುಖಕ್ಕೆ ನೀರು ರಾಚುತ್ತಾ, ಕಾಲು ನಡುಗುತ್ತಾ ಹೋಪುದು. ಫಾಯಿಲ್ ಕಲಿತವರು ಕೆಲವರು ಫಿನ್ ಹಲಗೆ ಮಾರಿಬಿಟ್ಟರು, ಹಳೇ ಕಾಲದ್ದಂತೆ. ನಂಗೆ ಅದು ಸರಿ ಕಾಣ್ಲಿಲ್ಲ. ಕುಕ್ಕರ್ ಬಂತು ಅಂದೇಳಿ ಮಣ್ಣಿನ ಬೋಗುಣಿ ಒಡೆದು ಹಾಕ್ತ್ರಾ? ಫಾಯಿಲಿಗೆ ತಕರಾರೂ ಜಾಸ್ತಿ. ಬಿದ್ದರೆ ರೆಕ್ಕೆಯ ಅಂಚು ತಾಗೀತು ಅಂತ ತಲೆಗೆ ಹೆಲ್ಮೆಟ್, ಎದೆಗೆ ದಪ್ಪ ಜಾಕೆಟ್ ಬೇಕು. ನೀರು ಆಳ ಇರಲೇಬೇಕು. ನಮ್ಮ ಹಂಗಾರಕಟ್ಟೆ ಹೊಳೆಗೆ ಅದನ್ನು ಇಳಿಸೂಕೆ ಆತಿಲ್ಲ, ಒಂದು ಕಡೆ ಮರಳಿನ ದಿಬ್ಬ, ಇನ್ನೊಂದು ಕಡೆ ಮೀನಿನ ಬಲೆ. ಅಲ್ಲಿಗೆ ಸಣ್ಣ ಫಿನ್ನಿನ ಅಗಲದ ಹಲಗೆಯೇ ಸೈ.

ಇದು ಗಂಡಸರ ಆಟ ಅಂಬವರಿಗೆ ಎರಡೇ ಮಾತು. ಒಲಿಂಪಿಕ್ಸಿನಲ್ಲಿ ವಿಂಡ್‌ಸರ್ಫಿಂಗ್ 1984ರಲ್ಲಿ ಗಂಡಸರಿಗೆ ಸುರುವಾಯಿತು, 1992ರಲ್ಲಿ ಹೆಂಗಸರಿಗೆ. 2024ರಲ್ಲಿ ಇಬ್ಬರಿಗೂ ಫಾಯಿಲ್ ಬಂತು. ಹೆಂಗಸರಲ್ಲಿ ಚಿನ್ನ ಗೆದ್ದದ್ದು ಇಟಲಿಯ ಮಾರ್ತಾ ಮಜೆಟ್ಟಿ, ಆಕೆ ಹಿಡಿದ ಹಾಯಿ 8 ಚದರ ಮೀಟರ್, ನಮ್ಮ ಅಡುಗೆ ಕೋಣೆಯಷ್ಟು ಅಗಲ.

ಗಾಳಿ ಇಲ್ಲದ ದಿನ ಸೈಕಲ್, ಇಲ್ಲದಿದ್ದರೆ ಗುಡ್ಡ ಹತ್ತುವುದು. ಮನೆಯವರು ಸೈಕಲ್ಲಿಗೆ ಮಾತ್ರ ಬತ್ತ್ರ್, ಹಾಯಿಯ ಸುದ್ದಿಗೆ ಬತ್ತಿಲ್ಲೆ. ಊರಿಗೆ ಬಂದಾಗ ಸಾಲಿಗ್ರಾಮದ ಪಾರಂಪಳ್ಳಿಯಲ್ಲಿ ಕಯಾಕ್. ಹೋದ ಸಲ ಅಮ್ಮನನ್ನೂ ಕೂರಿಸಿದೆ. ಅರವತ್ತು ವರ್ಷ ಆ ಹೊಳೆಯ ಬದಿಯಲ್ಲಿ ಬದುಕಿದವರು, ಸುಮ್ಮನೆ ಖುಷಿಗೆ ಅಂತ ಅದರ ಮೇಲೆ ಕೂತದ್ದೇ ಇಲ್ಲ. ಮೊದಲು ಎರಡೂ ಕೈಯಲ್ಲಿ ಅಂಚು ಗಟ್ಟಿ ಹಿಡಿದು "ನರಸಿಂಹ, ನರಸಿಂಹ" ಅಂತಿದ್ದರು. ಕಾಂಡ್ಲಾ ಗಿಡಗಳ ಮಧ್ಯದ ಸಣ್ಣ ದಾರಿಗೆ ಹೊಕ್ಕ ಮೇಲೆ ಮಾತು ನಿಂತಿತು. ಸ್ವಲ್ಪ ಹೊತ್ತಿಗೆ ಹಿಂದೆ ತಿರುಗದೆ ಕೇಂಡ್ರ್, "ಆ ಹುಟ್ಟ್ ಇತ್ತ ಕೊಡ್ ಕಾಂಬ."

ಇಷ್ಟೆಲ್ಲ ಬರೆದದ್ದು ಅಣ್ಣನ ಮಗಳ ಸಲುವಾಗಿಯೂ ಹೌದು. ಹದಿಮೂರು ವರ್ಷ. ಹಂಗಾರಕಟ್ಟೆಯಿಂದ ಹೊಳೆ ದಾಟಿದರೆ ಕೋಡಿಬೆಂಗ್ರೆ. ಮಣಿಪಾಲಕ್ಕೆ ಓದೂಕೆ ಬಂದ ಇಶಿತಾ ಮಾಳವೀಯ ಅಂಬ ಮುಂಬೈ ಹುಡುಗಿ, ತುಷಾರ್ ಪಥಿಯನ್ ಜೊತೆ ಅಲ್ಲಿ ಸರ್ಫಿಂಗ್ ಕ್ಲಬ್ ಕಟ್ಟಿ ಎಷ್ಟೋ ಜನರಿಗೆ ಕಲಿಸಿದಳು. ಇವಳಿಗೂ ಕಲಿಯುವ ಆಸೆ. ಮನೆಯಲ್ಲಿ, "ಬಿಸ್ಲಿಗೆ ಕಪ್ಪಾತ್ಲ್, ನಾಳೆ ಮದಿ ಮಾಡುದ್ ಹೆಂಗೆ?" ಅಂತ ಒಬ್ಬರು, "ಕಡ್ಲ್ ನಂಬೂಕೆ ಆತಾ?" ಅಂತ ಇನ್ನೊಬ್ಬರು.

ಮೊದಲನೇ ಮಾತಿಗೆ ಉತ್ತರ ಕೊಡುದಿಲ್ಲ. ಎರಡನೆಯದು ಸತ್ಯ. ಮಳೆಗಾಲದ ಪಡುಕರೆ ಕಂಡವರಿಗೆ ನಾನು ಹೇಳುವುದು ಎಂತ ಇಲ್ಲ. ಆದರೆ ನಮ್ಮ ಅಜ್ಜಿಯ ತಂಗಿ ಹೋದದ್ದು ಕಡಲಲ್ಲಿ ಅಲ್ಲ ಅಲ್ದಾ? ಮನೆ ಹಿಂದಿನ ಕೆರೆಯಲ್ಲಿ, ಸೋಣೆ ತಿಂಗಳಲ್ಲಿ, ಪಾವಟಿಗೆ ಜಾರಿ. ಬಟ್ಟೆ ಒಗೆಯುತ್ತಾ ಮೂವರು ಹೆಂಗಸರು ಅಲ್ಲೇ ಇದ್ದರು. ಮೂವರಿಗೂ ಈಜು ಬಾರದು. ಬೊಬ್ಬೆ ಹಾಕಿ ಗಂಡಸರನ್ನು ಕರೆಯುವಷ್ಟರಲ್ಲಿ ಮುಗಿದಿತ್ತು. ಹೊಳೆಯಲ್ಲಿ ಎದೆಮಟ್ಟ ನೀರಿಗೆ ನಿಂತು ಚಿಪ್ಪು ಹೆಕ್ಕುವ ಹೆಂಗಸರಿಗೆ ನೀರಿನ ಅಂದಾಜು ಇತ್ತ್. ಇಲ್ಲದ್ದು ಜಗುಲಿಯವರಾದ ನಮಗೆ. ನಮ್ಮ ಕುಟುಂಬದಲ್ಲಿ ಈಜು ಬಪ್ಪ ಹೆಣ್ಣು ಅಂದ್ರೆ ನಾನೊಬ್ಬಳೇ, ಅದೂ ಅಪ್ಪಯ್ಯ ಹಟ ಹಿಡಿದು ಎರಡು ಒಣ ತೆಂಗಿನಕಾಯಿ ಜೋಡಿ ಕಟ್ಟಿ ಕೆರೆಗೆ ಇಳಿಸಿದ್ದಕ್ಕೆ. ಆಗಲೂ "ಹೆಣ್ಣಿಗೆ ಎಂತಕೆ?" ಅಂದವರಿದ್ದರು.

ಹಾಂಗಾಗಿ ಅತ್ತಿಗೆಗೆ ನಾನು ಹೇಳಿದ್ದು, ಹಲಗೆಯ ಮಾತು ಮತ್ತೆ, ಮೊದಲು ಈಜು. ಅತ್ತಿಗೆ ಒಂದು ವಾರ ಸುಮ್ಮನಿದ್ದರು. ನಿನ್ನೆ ಫೋನ್ ಮಾಡಿ ಮೆತ್ತಗೆ ಕೇಂಡ್ರ್, "ಅವ್ಳೊಟ್ಟಿಗೆ ನಾನೂ ಕಲ್ತ್ರೆ ಆತಾ? ನಲ್ವತ್ತಾಯ್ತಲೆ ನಂಗೆ."

ಡಿಸೆಂಬರದ ಎರಡನೇ ವಾರ ನಾನು ಊರಿಗೆ ಬತ್ತೆ. ಬೆಳಿಗ್ಗೆ ಆರೂವರೆಗೆ ನಮ್ಮ ಕೆರೆ, ಎಂಟಕ್ಕೆ ಎದ್ದು ಗಂಜಿ ಊಟ. ಈಗಲೇ ಐದು ಜನ ಹೆಸರು ಕೊಟ್ಟಿದ್ದಾರೆ, ದೊಡ್ಡಮ್ಮ ದಂಡೆ ಮೇಲೆ ಕೂತು ಕಾಂತ್ರಂಬ್ರ್. ಬಪ್ಪವರು ಸೀರೆ ಉಟ್ಕಂಡ್ ಬರ್ಬೇಡಿ, ಹಳೇ ಚೂಡಿದಾರ ಆತ್ತ್, ಶಾಲು ಬೇಡ, ಬಳೆ ತೆಗೆದಿಟ್ಟು ಬನ್ನಿ. ಒಣ ಕಾಯಿ ಮನೆಯಲ್ಲಿದ್ದರೆ ಸಿಪ್ಪೆ ಸಮೇತ ಎರಡೆರಡು ತನ್ನಿ, ನಮ್ಮಲ್ಲಿ ಅಷ್ಟು ಜೋಡಿ ಇಲ್ಲೆ.