ಎರಡೋ ಮೂರೋ

ಇಪ್ಪತ್ತರ ಆಸುಪಾಸಿನ ಹುಡುಗನೊಬ್ಬ ನಿಮ್ಮ ಮನೆಯಲ್ಲಿಯೂ ಇದ್ದರೆ ಈ ಪ್ರಸಂಗ ನಿಮಗೆ ಹೊಸತೆನಿಸಲಾರದು. ಬೆಂಗಳೂರಿನಲ್ಲಿ ರಾತ್ರಿ ಪಾಳಿಯ ಕೆಲಸಕ್ಕೆ ಸೇರಿದ್ದ ನನ್ನ ತಂಗಿಯ ಮಗ ಹಬ್ಬಕ್ಕೆಂದು ಊರಿಗೆ ಬಂದಿದ್ದ. ಅಂಗಿಯಿಂದ ಹೊಗೆಯ ವಾಸನೆ ಬರುತ್ತಿತ್ತು. “ದಿನಕ್ಕೆ ಎಷ್ಟು?” ಎಂದು ಗದರಿದೆ. “ಎರಡೋ ಮೂರೋ, ಮಾವ” ಎಂದ. ಶ್ವಾಸಕೋಶದ ಕಾಯಿಲೆಯಿಂದ ತೀರಿಹೋದ ಅವನ ತಂದೆಯ ಹೆಸರೆತ್ತಿ, ಊಟಕ್ಕೆ ಕುಳಿತ ಎಲ್ಲರೆದುರು ಅವನನ್ನು ಹಳಿದೆ. ಅರ್ಧ ಊಟದಲ್ಲಿ ಎದ್ದುಹೋದವನು ನಾಲ್ಕು ತಿಂಗಳು ನನಗೆ ಫೋನು ಮಾಡಲಿಲ್ಲ. ಮೂವತ್ತು ವರ್ಷ ಶಾಲೆಯಲ್ಲಿ ಬುದ್ಧಿ ಹೇಳಿದವನು ನಾನು. ಬುದ್ಧಿ ಹೇಳುವುದೆಂದರೆ ಧ್ವನಿ ಏರಿಸುವುದೆಂದೇ ತಿಳಿದಿದ್ದೆನೇನೋ.

ಕಡೆಗೆ ಅವನೇ ಕರೆ ಮಾಡಿದ. “ಮಾವ, ಬಿಟ್ಟು ಇಪ್ಪತ್ತು ದಿನವಾಯಿತು.”

ತಂಬಾಕು ತ್ಯಜಿಸಬಯಸುವವರಿಗಾಗಿ ಕೇಂದ್ರ ಸರಕಾರದ ಉಚಿತ ದೂರವಾಣಿ ಸೇವೆಯೊಂದು 2016ರಲ್ಲಿ ದೆಹಲಿಯಲ್ಲಿ ಆರಂಭವಾಯಿತು. 2018ರಲ್ಲಿ ನಮ್ಮ ಬೆಂಗಳೂರಿನ ನಿಮ್ಹಾನ್ಸ್ ಕೂಡ ಅದರ ಕೇಂದ್ರವಾಯಿತು. ಅದೇ ವರ್ಷದ ಸೆಪ್ಟೆಂಬರ್‌ನಿಂದ ಸಿಗರೇಟು ಪೊಟ್ಟಣಗಳ ಮೇಲೆ 1800-11-2356 ಎಂಬ ಅದರ ಸಂಖ್ಯೆಯನ್ನು ಮುದ್ರಿಸುವುದು ಕಡ್ಡಾಯವಾಯಿತು. ಆದರೆ ನಮ್ಮ ಹುಡುಗರು ಗೂಡಂಗಡಿಯಲ್ಲಿ ಚಹಾದೊಡನೆ ಒಂದೊಂದಾಗಿ ಕೊಳ್ಳುವವರು. ಪೊಟ್ಟಣ ಇರುವುದು ಅಂಗಡಿಯವನ ಕೈಯಲ್ಲಿ! ಗೆಳೆಯನೊಬ್ಬ ಪೊಟ್ಟಣವನ್ನು ಮರೆತುಹೋದ ದಿನವೇ ಇವನು ಆ ಸಂಖ್ಯೆಯನ್ನು ಮೊದಲು ಓದಿದ್ದಂತೆ.

ಆ ತುದಿಯಲ್ಲಿದ್ದಾಕೆ ಇವನ ಮುಖ ಕಂಡವರಲ್ಲ, ಮನೆತನ ಬಲ್ಲವರಲ್ಲ. ದಿನಕ್ಕೆ ಎಷ್ಟು ಎಂದು ಅವರೂ ಕೇಳಿದರು. “ಹನ್ನೆರಡು” ಎಂದನಂತೆ. ಎದ್ದ ಎಷ್ಟು ಹೊತ್ತಿಗೆ ಮೊದಲನೆಯದು, ಯಾರ ಜೊತೆ, ಯಾವ ಬೇಸರಕ್ಕೆ ಎಂದೆಲ್ಲ ವಿಚಾರಿಸಿ, ಬಿಡುವ ದಿನವನ್ನು ಅವನಿಂದಲೇ ಗೊತ್ತುಮಾಡಿಸಿದರು. ಆ ಭಾನುವಾರ ಅವರೇ ಕರೆ ಮಾಡಿದರು. ಮೊದಲ ಎರಡು-ಮೂರು ದಿನ ಚಡಪಡಿಕೆ, ಸಿಡುಕು ಹೆಚ್ಚು. ವಾರಗಳು ಕಳೆದಂತೆ ತಗ್ಗುತ್ತದೆ. ಸೇದಬೇಕೆಂಬ ಒಂದೊಂದು ತುಡಿತವೂ ಕೆಲವೇ ನಿಮಿಷದ್ದು. ಅಷ್ಟು ಹೊತ್ತು ಮುಂದೂಡು, ನೀರು ಕುಡಿ, ದೀರ್ಘವಾಗಿ ಉಸಿರಾಡು, ಇನ್ನೇನಾದರೂ ಕೆಲಸಕ್ಕೆ ಕೈಹಚ್ಚು ಎಂದರಂತೆ. ಇಷ್ಟು ಸರಳವೇ ಎಂದು ನನಗೆ ತುಸು ನಗುವೇ ಬಂತು. ಸೇದಿ ನೋಡದವನ ನಗು ಅದು.

ಒಂಬತ್ತನೆಯ ದಿನ, ಮೇಲಧಿಕಾರಿಯೊಡನೆ ಮಾತಿಗೆ ಮಾತು ಬೆಳೆದ ರಾತ್ರಿ, ಒಂದನ್ನು ಸೇದಿಬಿಟ್ಟನಂತೆ. ನಾಚಿಕೆಯಿಂದ ಅವರ ಕರೆಯನ್ನು ತೆಗೆದುಕೊಳ್ಳಲಿಲ್ಲ. ಅವರು ಮತ್ತೆ ಮಾಡಿದರು. “ಬೈಯುತ್ತಾರೆ ಅಂದುಕೊಂಡೆ ಮಾವ. ಅದಕ್ಕೆ ಸ್ವಲ್ಪ ಮುಂಚೆ ಏನಾಗಿತ್ತು ಎಂದು ಮಾತ್ರ ಕೇಳಿದರು. ನಾಳೆ ಅಂಥದ್ದೇ ಆದರೆ ಏನು ಮಾಡುತ್ತೀರಿ ಎಂದರು.” ಮರುದಿನದಿಂದ ಹೊಸ ಎಣಿಕೆ. ಇಪ್ಪತ್ತು ದಿನವೆಂದು ಅವನು ನನಗೆ ಹೇಳಿದ್ದು ಈ ಎರಡನೆಯ ಎಣಿಕೆಯನ್ನು.

ಓದುಗರೇ, ನನ್ನನ್ನು ಕಾಡಿದ್ದು ಆ ಹನ್ನೆರಡು. ಎತ್ತಿ ಆಡಿಸಿದ ಮಾವನಿಗೆ ಎರಡೋ ಮೂರೋ, ಹೆಸರೂ ತಿಳಿಯದ ಧ್ವನಿಗೆ ಹನ್ನೆರಡು.

ಕಳೆದ ಭಾನುವಾರ ಅವನ ಫೋನು ಬಂತು. ಮಳೆ, ಅಮ್ಮನ ಮಂಡಿನೋವು, ಬಾಡಿಗೆ ಎಲ್ಲ ಮುಗಿಯಿತು. ಸಿಗರೇಟಿನ ಮಾತನ್ನು ನಾನು ಎತ್ತಲಿಲ್ಲ. ತುಸು ಹೊತ್ತು ಸುಮ್ಮನಿದ್ದು ಅವನೇ ಅಂದ: “ಮಾವ, ನಿನ್ನೆ ಒಂದು ಸೇದಿದೆ.”

ನಾಲಿಗೆಯ ತುದಿಗೆ ಬಂದದ್ದನ್ನು ನುಂಗಿಕೊಂಡು ಕೇಳಿದೆ, “ಅದಕ್ಕೆ ಮುಂಚೆ ಏನಾಗಿತ್ತು, ಮಗಾ?”