ಅಮ್ಮನ ಹೆಸರು

ಅಮ್ಮ ಹಾಡಿದ ಸೋಬಾನೆ ಪದಗಳ ಹಳೆಯ ಕ್ಯಾಸೆಟ್ಟೊಂದು ನಮ್ಮ ಮನೆಯಲ್ಲಿತ್ತು. ಬೇಸಿಗೆ ರಜೆಗೆ ಬಂದ ಮೊಮ್ಮಗ ಅದನ್ನು ಎಂಪಿ3 ಫೈಲುಗಳಾಗಿ ಮಾಡಿ, ದೂರದ ನೆಂಟರಿಗೆಂದು ಬಿಟ್‌ಟೊರೆಂಟ್‌ನಲ್ಲಿ ಹಂಚಲು ಇಟ್ಟ. ಇದರಲ್ಲಿ ಹಾಡು ಒಬ್ಬರ ಕಂಪ್ಯೂಟರಿನಿಂದ ಇನ್ನೊಬ್ಬರದಕ್ಕೆ ನೇರವಾಗಿ, ತುಂಡು ತುಂಡಾಗಿ ಹೋಗುತ್ತದೆ.

ರಾತ್ರಿ ಕೇಳಲು ಕೂತೆ. ಹಾಡಿದವರ ಹೆಸರಿನ ಜಾಗದಲ್ಲಿ ‘ಅಪರಿಚಿತ’ ಎಂದಿತ್ತು. ನನ್ನ ಅಮ್ಮ ಅಪರಿಚಿತಳೇ? ಇಂಥ ವಿವರ ಬರೆಯಲು ಫೈಲಿನ ಕೊನೆಯಲ್ಲಿ 128 ಬೈಟ್‌ಗಳ ಪುಟ್ಟ ಚೀಟಿಯಿರುತ್ತದೆ. ಹಾಡಿದವರ ಹೆಸರಿಗೆ ಇಂಗ್ಲಿಷಿನ 30 ಅಕ್ಷರಗಳಷ್ಟು ಜಾಗ. ಅಲ್ಲಿ ಅಮ್ಮನ ಹೆಸರು ತುಂಬಿಸಿ ನೆಮ್ಮದಿಯಾಗಿ ಮಲಗಿದೆ.

ಬೆಳಿಗ್ಗೆಯೇ ತಂಗಿಯ ಫೋನು. “ಅಣ್ಣಾ, ಡೌನ್‌ಲೋಡು ಇನ್ನೇನು ಮುಗೀತು ಅನ್ನುವಾಗ ನಿಂತುಬಿಟ್ಟಿದೆ!”

ಮೊಮ್ಮಗ ನೋಡಿ ನಕ್ಕ. “ತಾತ, ಪ್ರತಿ ತುಂಡಿಗೂ ಮೊದಲೇ ಲೆಕ್ಕ ಹಾಕಿಟ್ಟ ಗುರುತಿನ ಸಂಖ್ಯೆ ಇರುತ್ತೆ. ಒಂದಕ್ಷರ ತಿದ್ದಿದರೂ ಅದು ತಾಳೆಯಾಗಲ್ಲ. ಆಗ ಅವರ ಕಂಪ್ಯೂಟರು ಆ ತುಂಡು ಬೇಡ ಅನ್ನುತ್ತೆ.”

ನನಗೆ ತಟ್ಟನೆ ತಿಳಿಯಿತು. ಬ್ಯಾಂಕಿನಲ್ಲಿ ಸಹಿಯಿಲ್ಲದೆ ತಿದ್ದಿದ ಚೆಕ್ಕನ್ನು ನಾನೂ ಹೀಗೇ ಹಿಂದಿರುಗಿಸುತ್ತಿದ್ದೆ. ತಿದ್ದಿದ್ದು ಸರಿಯೋ ತಪ್ಪೋ ಎಂದು ಕೇಳುತ್ತಿರಲಿಲ್ಲ.

ಹಳೆಯ ಹಂಚಿಕೆ ನಿಲ್ಲಿಸಿ, ಎಲ್ಲ ಹಾಡಿಗೂ ಹೆಸರು ಬರೆದು ಹೊಸ ಟೊರೆಂಟ್ ಮಾಡಿದೆವು. ಮಕ್ಕಳೇ, ಹಂಚುವ ಮೊದಲೇ ಹೆಸರು ಸರಿಯಾಗಿ ಬರೆಯಿರಿ. ಆಮೇಲೆ ತಿದ್ದಲೇಬೇಕಾದರೆ ಬೇರೆ ಪ್ರತಿ ಮಾಡಿಕೊಂಡು ಅದರಲ್ಲಿ ತಿದ್ದಿ.

ಸಂಜೆ ತಂಗಿ ಮತ್ತೆ ಫೋನು ಮಾಡಿದಳು. “ಅಮ್ಮನ ಹೆಸರು ಬಂತಣ್ಣ” ಎಂದಳು. ಆಮೇಲೆ ಇಬ್ಬರಿಗೂ ಮಾತು ಹೊರಡಲಿಲ್ಲ. ಅವಳ ಕಡೆಯಿಂದ ಅಮ್ಮನ ಹಾಡು ಕೇಳಿಸುತ್ತಿತ್ತು.